ಪಕ್ಕೀರಪ್ಪನ ಮಧ್ಯಾಹ್ನದ ನಿದ್ದೆ

ಕೊಟ್ಟೂರಿನ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಕೆಲವರು ಎತ್ತಿದ ಚೀಲದಿಂದ ಹೆಸರಾದರು, ಕೆಲವರು ಬೈದ ಬೈಗುಳದಿಂದ. ಪಕ್ಕೀರಪ್ಪ ಹೆಸರಾದದ್ದು ನಿದ್ದೆಯಿಂದ. ಮೆಕ್ಕೆಜೋಳದ ಸುಗ್ಗಿಯಲ್ಲಿ ಲಾರಿಗಳು ಸಾಲುಗಟ್ಟಿ ಹಾರನ್ ಹೊಡೆಯುತ್ತಿರಲಿ, ದಲಾಲರು ಒಬ್ಬರ ಮೇಲೊಬ್ಬರು ಕೂಗಾಡುತ್ತಿರಲಿ, ಆತ ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಮೀಸೆ ಒರೆಸಿಕೊಂಡು, ಖಾಲಿ ಗೋಣಿಯ ಮೇಲೆ ಮೈ ಚೆಲ್ಲಿದನೆಂದರೆ ಮುಗಿಯಿತು. ಕೆಲಸಕ್ಕೆ ಹೊಸದಾಗಿ ಸೇರಿದ ಹಮಾಲನೊಬ್ಬ ಚೀಲವೆಂದೇ ತಿಳಿದು ಆತನ ಸೊಂಟಕ್ಕೆ ಕೊಕ್ಕೆ ಹಾಕಲು ಹೋಗಿದ್ದನಂತೆ. ಆಗಲೂ ಎದ್ದದ್ದು ಪಕ್ಕೀರಪ್ಪನಲ್ಲ, ಪಕ್ಕದಲ್ಲಿ ಮಲಗಿದ್ದ ನಾಯಿ.

ಮೊಣಕಾಲು ಕೈಕೊಟ್ಟ ಮೇಲೆ ಚೀಲ ಎತ್ತುವುದು ನಿಂತಿತು, ನಿದ್ದೆ ನಿಲ್ಲಲಿಲ್ಲ. ಹೆಂಡತಿ ಜೋಗಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಮಕ್ಕಳಿಗೆಲ್ಲ ಬಡಿಸಿ, ಪಾತ್ರೆ ತಿಕ್ಕಿಟ್ಟು ಆಕೆ ಮನೆಗೆ ಬರುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಅಲ್ಲಿಯವರೆಗೆ ಮನೆಗೂ ಜಗಲಿಗೂ ಪಕ್ಕೀರಪ್ಪನೇ ಯಜಮಾನ. ಹೀಗಿರುವಾಗ ಒಂದು ದಿನ ಪಕ್ಕದ ಮನೆಯ ಗಾದೆಮ್ಮ, ರಚ್ಚೆ ಹಿಡಿದಿದ್ದ ಮೊಮ್ಮಗ ಗುಂಡನನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. ನಲ್ಲಿಯಲ್ಲಿ ನೀರು ಬಂದಿತ್ತು. ‘ಒಂಚೂರು ನೋಡ್ಕೊಳ್ಳಣ್ಣಾ’ ಎಂದು ಕೂಸನ್ನು ಜಗಲಿಯ ಮೇಲೆ ಕುಕ್ಕರಿಸಿ ಕೊಡ ಎತ್ತಿಕೊಂಡು ಓಡಿದಳು. ನೀರು ಹಿಡಿದು ಬಂದು ನೋಡಿದರೆ ಗುಂಡ ಪಕ್ಕೀರಪ್ಪನ ಹೊಟ್ಟೆಯ ಮೇಲೆ ಬೋರಲು ಬಿದ್ದು ಗಾಢ ನಿದ್ದೆಯಲ್ಲಿದ್ದ. ಪಕ್ಕೀರಪ್ಪನಿಗೆ ಕೂಸು ಬಂದದ್ದೇ ಗೊತ್ತಿರಲಿಲ್ಲ.

ಈ ಸುದ್ದಿಯನ್ನು ಗಾದೆಮ್ಮ ಓಣಿಗೆ ಹಂಚಿದಳು. ಮಾರನೇ ದಿನ ಇನ್ನೊಂದು ಕೂಸು ಬಂತು, ಅದರ ಮಾರನೇ ದಿನ ಮತ್ತೆರಡು. ಹಲ್ಲು ಬರುತ್ತಿರುವವು, ಎದೆಹಾಲು ಬಿಡಿಸಿದವು, ಮೊಬೈಲ್ ಕಸಿದುಕೊಂಡರೆ ನೆಲಕ್ಕೆ ತಲೆ ಚಚ್ಚಿಕೊಳ್ಳುವವು, ಎಲ್ಲವನ್ನೂ ತಾಯಂದಿರು ತಂದು ಆತನ ಪಕ್ಕ ಬಿಟ್ಟು ಹೋಗುತ್ತಿದ್ದರು. ಜೋಗುಳ ಇಲ್ಲ, ತಟ್ಟುವುದಿಲ್ಲ, ಗುಮ್ಮನ ಹೆದರಿಕೆ ಇಲ್ಲ. ಪಕ್ಕೀರಪ್ಪ ಗೊರಕೆ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಮಕ್ಕಳು ಒಂದೊಂದಾಗಿ ಒರಗುತ್ತಿದ್ದವು.

‘ಕೂಸಿಗೆ ಸುಳ್ಳು ನಿದ್ದಿ ಗೊತ್ತಾಗತೈತಿ,’ ಎಂದು ಆತ ಮೀಸೆ ತಿರುವುತ್ತ ಹೇಳುವನು. ‘ನೀವೆಲ್ಲ ಏನ್ ಮಾಡ್ತೀರಿ? ಒಂದು ಕಣ್ಣು ಮುಚ್ಚಿ, ಇನ್ನೊಂದರಾಗ ಒಲಿ ಮ್ಯಾಲಿನ ಸಾರು ನೋಡ್ತೀರಿ. ಕೂಸು ಯಾಕ ಮಲಗೀತು? ಮಲಗಿಸೋರು ಮೊದಲು ತಾವು ಮಲಗಬೇಕು. ಖರೇವಂದ್ರ ಖರೇವ.’

‘ಮಲಗೋದನ್ನೂ ದೊಡ್ಡ ವಿದ್ಯಾ ಮಾಡ್ಕೊಂಡು ಮೆರಿಯೋ ಗಂಡಸು ನೀನೊಬ್ಬನೇ ನೋಡು,’ ಎನ್ನುವಳು ಜೋಗಮ್ಮ. ಆದರೂ ಓಣಿಯ ಹೆಂಗಸರು ಗಂಡನನ್ನು ಹೊಗಳಿದಾಗ ಆಕೆಯ ಮುಖ ಅರಳುತ್ತಿದ್ದುದನ್ನು ನಾವು ಬಚ್ಚಿಡಬೇಕಾಗಿಲ್ಲ.

ಇಷ್ಟೆಲ್ಲ ಮಕ್ಕಳನ್ನು ಮಲಗಿಸಿದ ಈ ಮಹಾಶಯನ ಸ್ವಂತ ಮೊಮ್ಮಗಳು ಮಾತ್ರ ಹರಪನಹಳ್ಳಿಯಲ್ಲಿದ್ದಳು. ಹೆಸರು ಕ್ರಾಂತಿ. ವಯಸ್ಸು ಎರಡು ತುಂಬಿ ಮೂರಕ್ಕೆ ಕೈ ಚಾಚುತ್ತಿತ್ತು. ಮಗಳು ಪ್ರಿಯಾಳನ್ನು ಹರಪನಹಳ್ಳಿಯ ಲೈನ್‌ಮನ್ ತಿಪ್ಪೇಶನಿಗೆ ಕೊಟ್ಟಿದ್ದರು. ಕೂಸು ಹುಟ್ಟಿದಾಗಿನಿಂದ ಅದನ್ನು ಸಾಕಿದವಳು ತಿಪ್ಪೇಶನ ತಾಯಿ ಹುಲುಗಮ್ಮ. ಪಕ್ಕೀರಪ್ಪ ಹೋಗುವುದು ಹಬ್ಬಕ್ಕೋ ಹುಣ್ಣಿಮೆಗೋ. ಹೋದಾಗ ಕೂಸು ಆತನನ್ನು ಬಸ್ಸಿನಲ್ಲಿ ಟಿಕೆಟ್ ಕೇಳುವವನನ್ನು ನೋಡುವ ಹಾಗೆ ನೋಡುತ್ತಿತ್ತು. ಓಣಿಯ ಕೂಸುಗಳೆಲ್ಲ ತನ್ನ ಹೊಟ್ಟೆಯ ಮೇಲೆ ಮಲಗುವಾಗ ತನ್ನ ಮಗಳ ಕೂಸು ತನ್ನನ್ನು ಕಂಡು ಅಜ್ಜಿಯ ಸೆರಗಿನ ಹಿಂದೆ ಸರಿಯುತ್ತದಲ್ಲ ಎಂಬುದು ಪಕ್ಕೀರಪ್ಪನಿಗೆ ಬಹಳ ನೋವಿನ ಸಂಗತಿ. ಹೇಳಿಕೊಳ್ಳುವ ಜಾತಿಯವನಲ್ಲ, ಹಾಗಾಗಿ ಯಾರಿಗೂ ತಿಳಿಯಲಿಲ್ಲ.

ಅಷ್ಟರಲ್ಲಿ ಪ್ರಿಯಾಳಿಗೆ ಹಗರಿಬೊಮ್ಮನಹಳ್ಳಿಯ ಕಚೇರಿಯೊಂದರಲ್ಲಿ ನೌಕರಿ ಸಿಕ್ಕಿತು. ದಿನವೂ ಹರಪನಹಳ್ಳಿಯಿಂದ ಓಡಾಡುವುದೆಂದರೆ ಜೀವ ಹಣ್ಣಾಗುವ ಮಾತು. ಕೊಟ್ಟೂರು ಸರಿಯಾಗಿ ನಡುದಾರಿ. ಕೆಲಸದ ದಿನಗಳಲ್ಲಿ ಕೂಸಿನೊಂದಿಗೆ ತವರಿನಲ್ಲಿರುತ್ತೇನೆ, ರಜೆಗೆ ಬರುತ್ತೇನೆ ಎಂದಳು ಪ್ರಿಯಾ. ತಿಪ್ಪೇಶ ತಲೆಯಾಡಿಸಿದ. ಹುಲುಗಮ್ಮ ಆಡಿಸಲಿಲ್ಲ.

ಹುಲುಗಮ್ಮ ಸಾಮಾನ್ಯದ ಹೆಂಗಸಲ್ಲ. ತೊಲೆಗೆ ಹಳೆಯ ಸೀರೆಯ ಜೋಲಿ ಕಟ್ಟಿ, ಕಾಲಿನ ಹೆಬ್ಬೆರಳಿಗೆ ಹಗ್ಗ ಸಿಕ್ಕಿಸಿಕೊಂಡು, ಕೈಯಲ್ಲಿ ಅಕ್ಕಿ ಆರಿಸುತ್ತ, ಬಾಯಲ್ಲಿ ಸೊಸೆಗೆ ಬುದ್ಧಿ ಹೇಳುತ್ತ ಕೂಸನ್ನು ಮಲಗಿಸಬಲ್ಲವಳು. ಮಾತಾಡಲೆಂದು ಹರಪನಹಳ್ಳಿಗೆ ಹೋದ ಪಕ್ಕೀರಪ್ಪನ ಮುಂದೆ ಆಕೆ ಇಟ್ಟ ವಾದವೂ ಗಟ್ಟಿಯಾಗಿತ್ತು.

‘ನೋಡ್ರಿ ಬೀಗ್ರೇ, ಮಧ್ಯಾಹ್ನ ಮಲಗಿಲ್ಲ ಅಂದ್ರೆ ಈ ಹುಡುಗಿ ದೀಪ ಹಚ್ಚೋ ಹೊತ್ತಿಗೆ ದಪ್ ಅಂತ ಬೀಳ್ತಾಳೆ. ಆ ಹೊತ್ತಿನಾಗೆ ಮಲಗಿದ ಕೂಸು ನಡುರಾತ್ರಿಗೆ ಎದ್ದು ಆಟಕ್ಕೆ ಕೂರುತ್ತೆ. ಬೆಳಿಗ್ಗೆ ಕಣ್ಣು ಉರಿಸ್ಕೊಂಡು ಆಫೀಸಿಗೆ ಹೋಗೋರು ಯಾರು? ನೀವಾ?’

‘ನನ್ನ ಪಕ್ಕ ಮಲಗದ ಕೂಸು ಇನ್ನಾ ಹುಟ್ಟಿಲ್ಲ ಬೀಗ್ತಿ,’ ಎಂದ ಪಕ್ಕೀರಪ್ಪ.

‘ಹುಟ್ಟೈತೆ. ಇಲ್ಲೇ ಐತೆ ನೋಡ್ರಿ,’ ಎಂದು ಹುಲುಗಮ್ಮ ತೊಡೆಯ ಮೇಲಿದ್ದ ಕ್ರಾಂತಿಯನ್ನು ತೋರಿಸಿದಳು.

ಮಾತಿಗೆ ಮಾತು ಬೆಳೆದು ಕೊನೆಗೆ ಒಂದು ಕರಾರಾಯಿತು. ಒಂದು ವಾರ ಕೂಸು ಕೊಟ್ಟೂರಿನಲ್ಲಿರಲಿ. ಮಧ್ಯಾಹ್ನದ ನಿದ್ದೆ ಹತ್ತಿದರೆ ಅಲ್ಲೇ ಇರಲಿ. ಹತ್ತದಿದ್ದರೆ ಕೂಸು ಹರಪನಹಳ್ಳಿಗೆ, ಪ್ರಿಯಾ ವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗಬೇಕು. ಮಗುವನ್ನು ವಾರಕ್ಕೊಮ್ಮೆ ನೋಡುವ ಮಾತು ಬಂದಾಗ ಪ್ರಿಯಾಳ ಮುಖ ಸಣ್ಣದಾಯಿತು. ‘ಒಂದು ವಾರ ಯಾಕ್ರಿ? ಒಂದು ಮಧ್ಯಾಹ್ನ ಸಾಕು,’ ಎಂದು ಪಕ್ಕೀರಪ್ಪ ನಕ್ಕ.

ಮೊದಲ ಮಧ್ಯಾಹ್ನ ಬಂತು. ಪ್ರಿಯಾ ಬಸ್ಸು ಹತ್ತಿದ್ದಳು, ಜೋಗಮ್ಮ ಶಾಲೆಗೆ ಹೋಗಿದ್ದಳು. ಪಕ್ಕೀರಪ್ಪ ಕ್ರಾಂತಿಗೆ ಅನ್ನ ಸಾರು ಉಣಿಸಿ, ಹಣೆಗೆ ಅಂಟಿದ ಅಗುಳು ಒರೆಸಿ, ಪಡಸಾಲೆಯಲ್ಲಿ ಚಾಪೆ ಹಾಸಿದ. ಹೊರಗಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ, ಯಾಕೆಂದರೆ ಈ ಹುಡುಗಿ ಬಾಗಿಲು ತೆರೆದಿದ್ದರೆ ಸೀದಾ ಬಸ್‌ ಸ್ಟ್ಯಾಂಡಿನ ಕಡೆಗೇ ಓಡುವವಳು. ಎಂದಿನಂತೆ ಮೈ ಚೆಲ್ಲಿದ. ಕಣ್ಣು ಮುಚ್ಚಿದ.

ಕಣ್ಣು ತೆರೆದುಕೊಂಡಿತು.

ಪಕ್ಕದಲ್ಲಿ ಕ್ರಾಂತಿ ಅಂಗಾತ ಮಲಗಿ ಕಾಲ್ಬೆರಳನ್ನು ಬಾಯಿಗೆ ತರುವ ಪ್ರಯತ್ನದಲ್ಲಿದ್ದಳು. ಬಲಹುಬ್ಬಿನ ತುದಿಯಲ್ಲಿ ಒಂದು ಸುಳಿ. ಪ್ರಿಯಾ ಚಿಕ್ಕವಳಿದ್ದಾಗಲೂ ಅಂಥದೇ ಸುಳಿ ಇತ್ತೇನೋ ಎಂದು ಆತನಿಗೆ ಅನಿಸಿತು, ಆದರೆ ಖಾತ್ರಿ ಇರಲಿಲ್ಲ. ಪ್ರಿಯಾ ಚಿಕ್ಕವಳಿದ್ದಾಗ ಆತ ಬೆಳಕು ಹರಿಯುವ ಮೊದಲೇ ಮಾರುಕಟ್ಟೆಗೆ ಹೋಗಿ ಆಕೆ ಮಲಗಿದ ಮೇಲೆ ಬರುತ್ತಿದ್ದ. ಸ್ವಂತ ಮಗಳನ್ನು ಹೀಗೆ ಹತ್ತಿರದಿಂದ ನೋಡಲು ಪುರುಸೊತ್ತು ಇರಲಿಲ್ಲ. ಈಗ ಪುರುಸೊತ್ತು ಸಿಕ್ಕಿತ್ತು. ನೋಡಿದ, ಇನ್ನೊಮ್ಮೆ ನೋಡಿದ. ಕಣ್ಣು ಮುಚ್ಚಿದರೆ ಏನೋ ಕಳೆದುಕೊಂಡಂತಾಗಿ ಮತ್ತೆ ತೆರೆಯುತ್ತಿದ್ದ. ಲಾರಿಯ ಹಾರನ್ನಿಗೆ ಜಗ್ಗದ ನಿದ್ದೆ ಕೂಸಿನ ಒಂದು ಹುಬ್ಬಿನ ಸುಳಿಗೆ ಮುರಿದು ಬಿತ್ತು.

ತಾತನಿಗೆ ನಿದ್ದೆ ಇಲ್ಲ ಎಂದ ಮೇಲೆ ಮೊಮ್ಮಗಳಿಗೆಲ್ಲಿಯದು? ಬೇರೆ ದಾರಿ ಕಾಣದೆ ಪಕ್ಕೀರಪ್ಪ ಜೀವಮಾನದಲ್ಲಿ ಮೊದಲ ಸಲ ಸುಳ್ಳು ಗೊರಕೆ ಹೊಡೆದ. ಕ್ರಾಂತಿ ಎದ್ದು ಕೂತಳು. ಆತನ ಎದೆಯ ಮೇಲೆ ಹತ್ತಿದಳು. ಎರಡು ಬೆರಳಿನಿಂದ ರೆಪ್ಪೆ ಎತ್ತಿ ಒಳಗೆ ಇಣುಕಿ ನೋಡಿ, ‘ತಾತ ಅದಾನ!’ ಎಂದು ಘೋಷಿಸಿದಳು. ಆತ ಗೊರಕೆ ಜೋರು ಮಾಡಿದ. ಆಕೆ ಬಟ್ಟಲಲ್ಲಿದ್ದ ಶೇಂಗಾಬೀಜ ತಂದು ಒಂದನ್ನು ಆತನ ಮೂಗಿನ ಹೊಳ್ಳೆಗೆ ಒತ್ತಿದಳು. ಗೊರಕೆ ನಿಂತಿತು, ಸೀನು ಬಂತು, ಶೇಂಗಾ ಹಾರಿ ನೀರಿನ ಗಡಿಗೆಗೆ ಬಡಿಯಿತು. ಇಂಥ ಸೊಗಸಾದ ಆಟವನ್ನು ಕ್ರಾಂತಿ ಎಂದೂ ಆಡಿರಲಿಲ್ಲ. ‘ಇನ್ನೊಂದು!’ ಎಂದಳು.

ಮಾರನೇ ದಿನ ಪಕ್ಕೀರಪ್ಪ ಗೋಡೆಯ ಮೇಲಿನ ಬುದ್ಧನ ಪಟ ತೋರಿಸಿದ. ‘ನೋಡವ್ವಾ, ಅವರು ಹೆಂಗ ಕಣ್ಣು ಮುಚ್ಚ್ಯಾರ. ನೀನೂ ಮುಚ್ಚು.’ ಕ್ರಾಂತಿ ಸೊಂಟದ ಮೇಲೆ ಕೈ ಇಟ್ಟು ಪಟವನ್ನು ಬಹಳ ಹೊತ್ತು ನೋಡಿದಳು. ‘ಇಲ್ಲ,’ ಎಂದಳು. ‘ನೋಡಾಕತ್ಯಾನ.’ ಪಕ್ಕೀರಪ್ಪ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದ. ಹುಡುಗಿ ಹೇಳಿದ್ದು ನಿಜ, ರೆಪ್ಪೆಯ ಕೆಳಗೆ ಸಣ್ಣದೊಂದು ಬಿರುಕು ಇತ್ತು. ಇಷ್ಟು ವರ್ಷ ಆ ಪಟದ ಕೆಳಗೆ ಬದುಕಿದ ಆತನಿಗೆ ಅದು ಕಂಡಿರಲಿಲ್ಲ.

ಮೂರನೆಯ ಉಪಾಯವಾಗಿ ಓಣಿಯ ಕೂಸುಗಳನ್ನೆಲ್ಲ ಕರೆಸಿದ. ನಾಲ್ಕು ಜನ ಮಲಗಿದರೆ ಐದನೆಯದೂ ಮಲಗೀತು ಎಂಬ ಲೆಕ್ಕ. ಅಭ್ಯಾಸಬಲದಿಂದ ಅವೆಲ್ಲ ಒರಗಿದವು ಕೂಡ. ಕ್ರಾಂತಿ ಸಾಲಾಗಿ ಮಲಗಿದ್ದವರ ನಡುವೆ ಮೇಸ್ಟ್ರಂತೆ ಓಡಾಡಿ, ಪ್ರತಿಯೊಬ್ಬರ ಮೂಗು ಹಿಡಿದು ಎಬ್ಬಿಸಿದಳು. ಎದ್ದವು ಒಟ್ಟಿಗೆ ಬಾಯಿ ತೆರೆದವು. ಆ ಸದ್ದಿಗೆ ತಾಯಂದಿರು ಓಡಿ ಬಂದು ತಮ್ಮ ತಮ್ಮ ಆಸ್ತಿ ಎತ್ತಿಕೊಂಡರು. ‘ನಿನ್ನ ಕೈಗುಣ ಹೋತಣ್ಣಾ’ ಎಂದು ಗಾದೆಮ್ಮ ಗುಂಡನ ಮೂಗು ಸವರುತ್ತ ಹೇಳಿದ್ದು ಪಕ್ಕೀರಪ್ಪನ ಎದೆಗೆ ನಾಟಿತು.

ಸಂಜೆಯ ಕಥೆ ಹುಲುಗಮ್ಮ ಹೇಳಿದ ಹಾಗೇ ನಡೆಯುತ್ತಿತ್ತು. ಜೋಗಮ್ಮ ದೀಪ ಹಚ್ಚುವ ಹೊತ್ತಿಗೆ ಕ್ರಾಂತಿ ಉಣ್ಣುತ್ತಿದ್ದ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಬೀಳುವಳು. ಎಬ್ಬಿಸಿದರೆ ಕಚ್ಚುವಳು. ಎಲ್ಲರೂ ಮಲಗಿದ ಮೇಲೆ ಎದ್ದು ತಾಯಿಯ ಕೂದಲು ಹಿಡಿದು ಕುದುರೆ ಆಟ ಆಡುವಳು. ಬೆಳಿಗ್ಗೆ ಪ್ರಿಯಾ ಕೆಂಪು ಕಣ್ಣು ಮಾಡಿಕೊಂಡು, ಒಂದು ಕಾಲಿಗೆ ಒಂದು ಚಪ್ಪಲಿ, ಇನ್ನೊಂದಕ್ಕೆ ಅವ್ವನದು ಹಾಕಿಕೊಂಡು ಬಸ್ಸಿಗೆ ಓಡುವಳು. ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಅದೇ ಆತನಿಗೆ ಸಹಿಸಲಾಗಲಿಲ್ಲ.

‘ದಣಿದ್ರ ನಿದ್ದಿ ಬರತೈತಿ’ ಎಂದುಕೊಂಡು ಪಕ್ಕೀರಪ್ಪ ಒಂದು ದಿನ ಜೋಗಮ್ಮ ಶಾಲೆಗೆ ಹೊರಡುವಷ್ಟರಲ್ಲಿ ಬರುತ್ತೇನೆಂದು ಕೂಸನ್ನು ಆಕೆಯ ಬಳಿ ಬಿಟ್ಟು ಬೆಳಿಗ್ಗೆಯೇ ಮಾರುಕಟ್ಟೆಗೆ ಹೋದ. ಹಳೆಯ ಜೊತೆಗಾರರು ನಗುತ್ತ ಬೇಡವೆಂದರೂ ಕೇಳದೆ ಮೆಕ್ಕೆಜೋಳದ ಚೀಲ ಬೆನ್ನಿಗೆ ಹೇರಿಸಿಕೊಂಡ. ಮೊದಲನೆಯದನ್ನು ಲಾರಿಗೆ ಮುಟ್ಟಿಸಿದ. ಎರಡನೆಯದು ಆತನನ್ನೇ ನೆಲಕ್ಕೆ ಮುಟ್ಟಿಸಿತು. ಮಧ್ಯಾಹ್ನ ಚಾಪೆಯ ಮೇಲೆ ಬಿದ್ದಾಗ ಸೊಂಟ, ಮೊಣಕಾಲು, ಹೆಗಲು ಎಲ್ಲ ಎದ್ದು ಕೂತು ಮಾತಾಡುತ್ತಿದ್ದವು. ಎಡಕ್ಕೆ ಹೊರಳಿದರೆ ‘ಅಯ್ಯಪ್ಪಾ’, ಬಲಕ್ಕೆ ಹೊರಳಿದರೆ ‘ಅಯ್ಯವ್ವಾ’. ಕ್ರಾಂತಿ ಪಕ್ಕದಲ್ಲೇ ಹೊರಳುತ್ತ ಅದನ್ನೇ ರಾಗವಾಗಿ ಹಾಡಿದಳು. ಸಂಜೆ ಜೋಗಮ್ಮ ಎಣ್ಣೆ ಕಾಸಿ ಸೊಂಟಕ್ಕೆ ತಿಕ್ಕುತ್ತ, ‘ಮೊಮ್ಮಗಳನ್ನ ಮಲಗಿಸಾಕ ಹೋಗಿ ನೀನೇ ಕಾಯಂ ಮಲಗಿಬಿಡಬ್ಯಾಡ ಮತ್ತ’ ಎಂದಳು.

ಇಲ್ಲಿಯವರೆಗೆ ನಡೆದದ್ದು ಮನುಷ್ಯ ಮಾಡಬಹುದಾದ ಪ್ರಯತ್ನ. ಇನ್ನು ಮುಂದೆ ನಡೆದದ್ದು ಶುದ್ಧ ಕಳ್ಳತನ.

ಮರುದಿನ ಮಧ್ಯಾಹ್ನ ಹುಲುಗಮ್ಮ ಮೊಬೈಲಿನಲ್ಲಿ ಕರೆದಳು. ಬರೀ ಮಾತಲ್ಲ, ಮುಖ ತೋರಿಸುವ ಕರೆ. ತಿಪ್ಪೇಶ ಕಲಿಸಿಕೊಟ್ಟಿದ್ದ. ‘ಕೂಸು ಮಲಗೈತಾ?’ ಎಂದಳು.

‘ಮಲಗೈತ್ರಿ,’ ಎಂದ ಪಕ್ಕೀರಪ್ಪ. ನಾಲಿಗೆ ಆತನನ್ನು ಕೇಳಿ ಆಡಲಿಲ್ಲ.

‘ಹಂಗಾದ್ರೆ ತೋರಿಸಿ.’

‘ಸದ್ದಿಗೆ ಎದ್ದೀತು. ಸ್ವಲ್ಪ ತಡೀರಿ, ನಾನೇ ಮಾಡ್ತೀನಿ,’ ಎಂದು ಕರೆ ಕತ್ತರಿಸಿ, ಮೊಣಕಾಲಿನ ನೋವು ಮರೆತು ಪಕ್ಕದ ಮನೆಗೆ ಹಾರಿದ. ಗಾದೆಮ್ಮನ ಗುಂಡ ನಿದ್ದೆಯಲ್ಲಿದ್ದ. ‘ಒಂದು ಗಳಿಗಿ ಕೊಡವ್ವ, ತೋರಿಸಿ ತಂದ್ಕೊಡ್ತೀನಿ,’ ಎಂದು ಬೇಡಿದ. ಗಾದೆಮ್ಮ ನಕ್ಕು ನಕ್ಕು ಕೆಮ್ಮು ಬರಿಸಿಕೊಂಡಳು. ಆದರೆ ಕೊಟ್ಟಳು, ತಾನೂ ತಮಾಷೆ ನೋಡಲು ಹಿಂದೆಯೇ ಬಂದಳು. ಮೊನ್ನೆ ತಾನೇ ಮೈಲಾರದಲ್ಲಿ ಗುಂಡನ ಜವಳ ತೆಗೆಸಿದ್ದರಿಂದ ತಲೆ ತಾಮ್ರದ ಚೊಂಬಿನಂತೆ ಹೊಳೆಯುತ್ತಿತ್ತು. ಅದಕ್ಕೆ ಕ್ರಾಂತಿಯ ಟೋಪಿ ಹಾಕಿದರು, ಮೈಗೆ ಕ್ರಾಂತಿಯ ಹಳದಿ ಫ್ರಾಕು ತೊಡಿಸಿದರು, ಗೋಡೆಗೆ ಮುಖ ಮಾಡಿ ಮಲಗಿಸಿದರು. ಕ್ರಾಂತಿಗೆ ಒಂದು ಬೆಲ್ಲದ ಉಂಡೆ ಕೊಟ್ಟು ಅಡುಗೆಮನೆಯಲ್ಲಿ ಕೂರಿಸಿದರು. ಆಮೇಲೆ ಪಕ್ಕೀರಪ್ಪ ಕರೆ ಮಾಡಿ, ಮೊಬೈಲನ್ನು ದೂರದಿಂದ ಹಿಡಿದು, ‘ನೋಡ್ರಿ’ ಎಂದು ಪಿಸುಗುಟ್ಟಿದ.

ಹುಲುಗಮ್ಮ ನೋಡಿದಳು. ‘ಅಯ್ಯೋ, ಮಲಗೈತಲ್ಲ ನನ್ ಬಂಗಾರ!’ ಎಂದಳು. ದನಿಯಲ್ಲಿ ಸಂತೋಷವಿತ್ತು, ಸಂತೋಷದ ಅಡಿಯಲ್ಲಿ ಸ್ವಲ್ಪ ಬಾಡಿದ ಹಾಗೂ ಇತ್ತು. ಪಕ್ಕೀರಪ್ಪನಿಗೆ ಒಂದು ಕ್ಷಣ ನಾಚಿಕೆಯಾಯಿತು. ನಾಚಿಕೆ ಪೂರ್ತಿಯಾಗುವ ಮೊದಲೇ ಅಡುಗೆಮನೆಯಿಂದ ಬೆಲ್ಲ ಮೆತ್ತಿದ ಮೂತಿಯೊಂದು ಓಡಿ ಬಂದು ಮೊಬೈಲಿನ ಮುಂದೆ ನಿಂತಿತು.

‘ಅಜ್ಜಿ! ಗುಂಡ ನನ್ನ ಫಾಕು ಹಾಕ್ಯಾನ!’

ಆ ಕಡೆ ಹುಲುಗಮ್ಮನ ಮುಖ ಮೊಬೈಲಿಗೆ ಇನ್ನೂ ಹತ್ತಿರ ಬಂತು. ಈ ಕಡೆ ಗಾದೆಮ್ಮ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದಳು. ಕೊನೆಗೆ ಹುಲುಗಮ್ಮ ತಣ್ಣಗೆ ಹೇಳಿದಳು: ‘ನಾಳೆ ಮಧ್ಯಾಹ್ನ ಬರ್ತೀನಿ ಬೀಗ್ರೇ. ಮಲಗಿದ್ರೆ ನನ್ ಕಣ್ಣಾಗೇ ನೋಡ್ತೀನಿ. ಇಲ್ಲ ಅಂದ್ರೆ ಕರ್ಕೊಂಡು ಹೋಗ್ತೀನಿ.’

ಸುದ್ದಿ ಕೇಳಿ ಜೋಗಮ್ಮ ಗಂಡನಿಗೆ ಬಾಯಿಗೆ ಬಂದಂತೆ ಬೈದಳು. ಪ್ರಿಯಾ ಬೈಯಲಿಲ್ಲ. ಆಕೆ ಸುಮ್ಮನೆ ಕ್ರಾಂತಿಯ ಬಟ್ಟೆಗಳನ್ನು ಮಡಚತೊಡಗಿದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. ಪಕ್ಕೀರಪ್ಪ ಹೊರಗೆ ಹೋಗಿ ಜಗಲಿಯ ಮೇಲೆ ಕೂತ. ತಾನು ಸೋತರೆ ಸೋಲುವುದು ತನ್ನ ಮೀಸೆಯೊಂದೇ ಅಲ್ಲ, ಮಗಳ ಬದುಕಿನ ವಾರದ ದಿನಗಳೆಲ್ಲ ಎಂಬುದು ಆತನಿಗೆ ಈಗ ಸ್ಪಷ್ಟವಾಗಿ ಕಂಡಿತು.

ಮರುದಿನ ಊಟ ಮುಗಿಯಿತು, ಮೇಲೊಂದು ಬೆಲ್ಲದ ಚೂರೂ ಆಯಿತು. ಚಿಲಕ ಬಿತ್ತು. ಚಾಪೆ ಹಾಸಿಯಾಯಿತು. ಪಕ್ಕೀರಪ್ಪ ಇನ್ನು ಯಾವ ಉಪಾಯವನ್ನೂ ಹೂಡಲಿಲ್ಲ. ಪಕ್ಕಕ್ಕೆ ಹೊರಳಿ ಮೊಮ್ಮಗಳನ್ನು ನೋಡುತ್ತ ಮಲಗಿದ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಒಂದು ಚೌಕವಾಗಿ ನೆಲಕ್ಕೆ ಬಿದ್ದಿತ್ತು. ಕ್ರಾಂತಿ ಅದರಲ್ಲಿ ಕೈ ಆಡಿಸುತ್ತಿದ್ದಳು.

‘ಏನವ್ವಾ, ಇವತ್ತ ಹೋಗಿಬಿಡ್ತೀಯಲ್ಲ,’ ಎಂದ. ‘ನಿನ್ನ ನೋಡಿದ್ರ ನನಗ ನಿದ್ದಿ ಬರಂಗಿಲ್ಲ. ನಿದ್ದಿ ಬರಬೇಕಂದ್ರ ನಿನ್ನ ನೋಡಬಾರದು. ಹೆಂಗ ಮಾಡ್ಲಿ ಹೇಳು?’

ಹೇಳುತ್ತಿದ್ದಂತೆ ಕಣ್ಣು ತುಂಬಿ ಮೂಗಿನ ಪಕ್ಕಕ್ಕೆ ಇಳಿಯಿತು. ದೊಡ್ಡವರ ಕಣ್ಣಿನಿಂದ ನೀರು ಬರುವುದನ್ನು ಕ್ರಾಂತಿ ನೋಡಿರಲಿಲ್ಲ. ನೀರು ಬರುವುದು ತನ್ನ ಕಣ್ಣಿನಿಂದ ಮಾತ್ರ, ಅದೂ ತನಗೆ ಬೇಕಾದಾಗ ಎಂದು ತಿಳಿದಿದ್ದಳು. ಎದ್ದು ಬಂದು ಬಗ್ಗಿ ಪರೀಕ್ಷಿಸಿದಳು. ಆಮೇಲೆ ನಲ್ಲಿಯ ಬಾಯಿಗೆ ಕೈ ಒತ್ತಿ ನೀರು ನಿಲ್ಲಿಸುವ ಹಾಗೆ ತನ್ನ ಎರಡೂ ಅಂಗೈಗಳನ್ನು ಆತನ ಎರಡು ಕಣ್ಣುಗಳ ಮೇಲೆ ಒತ್ತಿ ಹಿಡಿದಳು. ಪಕ್ಕೀರಪ್ಪ ಅಲುಗಿದರೆ ಇನ್ನೂ ಗಟ್ಟಿಯಾಗಿ ಒತ್ತಿದಳು. ಎಷ್ಟು ಹೊತ್ತು ಹಿಡಿಯಬೇಕೋ ಗೊತ್ತಾಗದೆ, ಕೈ ಸೋತಾಗ ತಲೆಯನ್ನೂ ಆತನ ಕೆನ್ನೆಗೆ ಆನಿಸಿದಳು.

ಬೆಲ್ಲದ ವಾಸನೆಯ ಆ ಕೈಗಳ ಕೆಳಗೆ ಕತ್ತಲೆ ಇತ್ತು. ನೋಡಲು ಏನೂ ಇರಲಿಲ್ಲ. ಕೂಸು ಇಲ್ಲೇ ಇದೆ ಎಂಬುದು ಮಾತ್ರ ಮೈಗೆ ಗೊತ್ತಾಗುತ್ತಿತ್ತು. ಒಂದು ವಾರದ ನಿದ್ದೆ ಬಾಕಿ ಇದ್ದ ಆ ಹಮಾಲನ ಮೈ ಸಡಿಲವಾಯಿತು. ಬಾಯಿ ತೆರೆದುಕೊಂಡಿತು. ಮಾರುಕಟ್ಟೆಯಲ್ಲಿ ಹೆಸರಾಗಿದ್ದ ಅಸಲಿ ಗೊರಕೆ ಹೊರಟಿತು.

ಮುಂದೆ ನಡೆದದ್ದು ಆತನಿಗೆ ಗೊತ್ತಾದದ್ದು ಗಾದೆಮ್ಮನ ಬಾಯಿಂದ, ಅದೂ ಉಪ್ಪು ಖಾರ ಹಚ್ಚಿ. ಹುಲುಗಮ್ಮ ಕೂಸಿನ ಬಟ್ಟೆ ತುಂಬಿಕೊಳ್ಳಲು ದೊಡ್ಡದೊಂದು ಖಾಲಿ ಚೀಲ ಹಿಡಿದುಕೊಂಡು ಬಸ್ಸಿಳಿದು ಬಂದಳಂತೆ. ಬಾಗಿಲು ಬಡಿದಳಂತೆ. ಬೀಗ್ರೇ ಎಂದು ಕೂಗಿದಳಂತೆ. ಉತ್ತರವಿಲ್ಲ. ಗಾದೆಮ್ಮ ಬಡಿದಳು, ದಾರಿಯಲ್ಲಿ ಹೋಗುತ್ತಿದ್ದ ಸೊಪ್ಪಿನವಳು ಬಡಿದಳು, ಗುಂಡ ಕೂಡ ತನ್ನ ಕೈಲಾದಷ್ಟು ಬಡಿದ. ‘ಕೂಸಿಗೆ ಏನಾತಪ್ಪಾ’ ಎಂದು ಹುಲುಗಮ್ಮನ ಜೀವ ಬಾಯಿಗೆ ಬಂತು. ಗಾದೆಮ್ಮನ ಹಿತ್ತಲಿನಿಂದ ಏಣಿ ತಂದು ಆನಿಸಿದರು. ಆ ವಯಸ್ಸಿನಲ್ಲಿ ಸೀರೆ ಎತ್ತಿ ಕಟ್ಟಿ ಹುಲುಗಮ್ಮನೇ ಮಾಳಿಗೆ ಹತ್ತಿ, ಬೆಳಕಿಂಡಿಯ ಮೇಲಿನ ಗಾಜು ಸರಿಸಿ ಕೆಳಗೆ ಇಣುಕಿದಳು. ಬಹಳ ಹೊತ್ತು ಇಣುಕಿದಳು. ಆಮೇಲೆ ಓಣಿಯ ಕಡೆ ತಿರುಗಿ, ಕೆಳಗೆ ನಿಂತವರಿಗೆಲ್ಲ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದಳು. ಸೊಪ್ಪಿನವಳು ‘ಸೊಪ್ಪೋ’ ಎನ್ನಲು ಬಾಯಿ ತೆರೆದದ್ದಕ್ಕೆ ಮೇಲಿನಿಂದ ಕೈ ಎತ್ತಿ ಹೊಡೆಯುವ ಹಾಗೆ ಮಾಡಿದಳಂತೆ. ಸೆರಗು ತಲೆಗೆ ಹೊದ್ದು ಕಾದ ಮಾಳಿಗೆಯ ಮೇಲೆ ಕೂತೇಬಿಟ್ಟಳು.

ಪಕ್ಕೀರಪ್ಪನಿಗೆ ಎಚ್ಚರವಾದಾಗ ತೋಳು ಜೋಮು ಹಿಡಿದಿತ್ತು. ತೋಳಿನ ಮೇಲೆ ಕ್ರಾಂತಿಯ ತಲೆ, ಬಾಯಿಯಿಂದ ಜೊಲ್ಲು. ಮಲಗಿದ್ದಳು. ಆತ ನಂಬಲಾರದೆ ಮೇಲೆ ನೋಡಿದರೆ ಬೆಳಕಿಂಡಿಯ ಚೌಕದಲ್ಲಿ ಬೀಗಿತಿಯ ಮುಖ, ಬಿಸಿಲಿಗೆ ಕೆಂಪಾಗಿ ಬೆವರು ಸುರಿಸುತ್ತಿತ್ತು.

‘ಏಳಬೇಡ್ರಿ,’ ಎಂದು ಆಕೆ ಪಿಸುಗುಟ್ಟಿದಳು. ‘ನೋಡಿದೆ. ಮಲಗೈತೆ. ನೀವೇ ಗೆದ್ರಿ.’

ಗೆದ್ದ ಸಂತೋಷಕ್ಕೆ ಪಕ್ಕೀರಪ್ಪನ ಇನ್ನೊಂದು ಕೈ ತಾನಾಗಿ ಮೀಸೆಗೆ ಹೋಯಿತು.

‘ನಾನು ಬಸ್ಸಿಗೆ ಹೋಗ್ತೀನಿ,’ ಎಂದಳು ಹುಲುಗಮ್ಮ. ‘ಎದ್ದು ನನ್ನ ನೋಡಿದ್ರೆ ಬಿಡಲ್ಲ ಅದು, ನಾನೂ ಬರ್ತೀನಿ ಅಂತ ಕಾಲಿಗೆ ಜೋತುಬೀಳುತ್ತೆ. ನೋಡದಂಗೇ ಹೋಗೋದು ಚೊಲೋ.’ ಅಷ್ಟು ಹೇಳಿದರೂ ಮುಖ ಚೌಕದಿಂದ ಸರಿಯಲಿಲ್ಲ. ಎರಡು ವರ್ಷ ಜೋಲಿ ತೂಗಿದ ಹೆಂಗಸು, ಒಂದು ವಾರ ಕೂಸನ್ನು ಮುಟ್ಟದೆ ಕಳೆದವಳು, ಮೇಲಿನಿಂದಲೇ ಕಣ್ತುಂಬ ನೋಡಿ ಹೊರಟು ನಿಂತಿದ್ದಳು. ಆ ನೋಟ ಎಂಥದೆಂದು ಪಕ್ಕೀರಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದೇ ನೋಟಕ್ಕೆ ಸಿಕ್ಕಿ ಒಂದು ವಾರ ನಿದ್ದೆಗೆಟ್ಟವನು ಆತ.

ಆತ ತೋಳು ಅಲುಗಿಸಿದ. ಕೂಸಿನ ಕೆನ್ನೆ ತಟ್ಟಿದ. ‘ಕ್ರಾಂತಿ, ಏಳವ್ವಾ, ಏಳು. ಮ್ಯಾಲೆ ನೋಡು, ಯಾರು ಬಂದಾರ!’

‘ಅಯ್ಯೋ ನಿಮ್ಮ!’ ಮೇಲಿನಿಂದ ಹುಲುಗಮ್ಮ ಚೀರಿದಳು. ‘ಮಲಗಿದ ಕೂಸನ್ನ ಎಬ್ಬಿಸ್ತೀರಲ್ರಿ! ಬುದ್ಧಿ ಐತಾ ನಿಮಗೆ? ಇಷ್ಟೊತ್ತು ಬಿಸಿಲಾಗೆ ಬೆಂದಿದ್ದು ಯಾಕೆ ನಾನು?’ ಬಾಗಿಲು ಬಡಿತಕ್ಕೆ ಏಳದ ಓಣಿಯ ನಾಯಿಗಳೆಲ್ಲ ಆ ಚೀರಾಟಕ್ಕೆ ಎದ್ದವು. ಕ್ರಾಂತಿ ಕಣ್ಣು ತೆರೆದಳು. ಮಾಳಿಗೆಯ ತೂತಿನಲ್ಲಿ ಅಜ್ಜಿಯನ್ನು ಕಂಡು, ಅದು ಇರಬೇಕಾದ ಜಾಗವೇ ಎಂಬಂತೆ, ಎರಡೂ ಕೈ ಎತ್ತಿದಳು.

ಬಾಗಿಲು ತೆರೆಯಿತು. ಏಣಿಯಿಂದ ಇಳಿದ ಹುಲುಗಮ್ಮ ಬೈಯುತ್ತಲೇ ಒಳಗೆ ಬಂದು, ಬೈಯುತ್ತಲೇ ಕೂಸನ್ನು ಎದೆಗೆ ಅವಚಿಕೊಂಡಳು. ಹೊಸ್ತಿಲಲ್ಲಿ ಗಾದೆಮ್ಮ, ಆಕೆಯ ಹಿಂದೆ ಅರ್ಧ ಓಣಿ. ಅಷ್ಟು ಹೊತ್ತಿಗೆ ಶಾಲೆಯಿಂದ ಬಂದ ಜೋಗಮ್ಮ ಜನ ಕಂಡು ಗಾಬರಿಯಾಗಿ ನಿಂತಳು. ಕ್ರಾಂತಿ ಅಜ್ಜಿಯ ಕುತ್ತಿಗೆಯನ್ನು ಎರಡು ಕೈಯಿಂದ ಬಿಗಿದು ಹಿಡಿದಿದ್ದಳು.

‘ಈಗ ಬಿಡಲ್ಲ ಇದು,’ ಎಂದಳು ಹುಲುಗಮ್ಮ. ‘ಕರ್ಕೊಂಡು ಹೋದ್ರೆ ಏನ್ ಮಾಡ್ತೀರಿ?’

 ಪಕ್ಕೀರಪ್ಪನಿಗೆ ಮಗಳ ಕೆಂಪು ಕಣ್ಣು ನೆನಪಾಯಿತು. ಆದರೂ ಹೇಳಿದ: ‘ಹೋಗ್ರಿ. ಆದ್ರ ನೋಡದಂಗ ಹೋಗಬ್ಯಾಡ್ರಿ.’

ಹುಲುಗಮ್ಮ ಆತನ ಮುಖ ನೋಡಿದಳು. ಆಮೇಲೆ ಕಂಕುಳಿನಲ್ಲಿದ್ದ ಖಾಲಿ ಚೀಲವನ್ನು ತೆಗೆದು ಜೋಗಮ್ಮನ ಕೈಗೆ ಕೊಟ್ಟಳು.

‘ಕೂಸಿನ ಜೊತೆ ಇದೂ ಇಲ್ಲೇ ಇರಲಿ ಬೀಗ್ತಿ,’ ಎಂದಳು. ‘ನಾನು ಬಂದಾಗ ನನ್ ಸೀರೆ ಇಡಾಕೆ ಬೇಕಾಗುತ್ತೆ.’